ಕಟ್ಟೆಯ ಮೇಲಿನ ವೂಫರ್ ಡಬ್ಬಿ

ಡಬ್ಬಿಯ ಬೆನ್ನಿಗೆ ಎರಡು ಗುಂಡಿಗಳೂ ಒಂದು ಸ್ವಿಚ್ಚೂ ಇದ್ದವು. ಗುಂಡಿಗಳ ಬಗ್ಗೆ ಬಸಂತರಾಯನಿಗೆ ಅಷ್ಟಾಗಿ ಅಂಜಿಕೆಯಿರಲಿಲ್ಲ. ತಿರುಗುವ ವಸ್ತುವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಒಬ್ಬರು ಹೆಚ್ಚಾಯಿತೆಂದರೆ ತುಸು ಇಳಿಸಬಹುದು, ಇನ್ನೊಬ್ಬರು ಸಾಲದೆಂದರೆ ತುಸು ಏರಿಸಬಹುದು, ಇಬ್ಬರೂ ಎದ್ದುಹೋದ ಮೇಲೆ ಮೊದಲಿನ ಜಾಗಕ್ಕೇ ತಂದಿಡಬಹುದು. ತನ್ನ ಬಾಳುವೆಯನ್ನು ಅವನು ಹೆಚ್ಚುಕಡಿಮೆ ಹೀಗೆಯೇ ನಡೆಸಿಕೊಂಡು ಬಂದಿದ್ದ. ಸ್ವಿಚ್ಚು ಹಾಗಲ್ಲ. ಅದರ ಒಂದು ತುದಿಗೆ ಸೊನ್ನೆ, ಇನ್ನೊಂದು ತುದಿಗೆ ನೂರಾ ಎಂಬತ್ತು. ನಡುವೆ ನಿಲ್ಲುವ ಜಾಗವೇ ಇರಲಿಲ್ಲ. ಆ ಕಡೆ ತಳ್ಳಿದರೂ ಈ ಕಡೆ ತಳ್ಳಿದರೂ ಅವನ ಕಿವಿಗೆ ಸದ್ದು ಒಂದೇ ಥರ ಕೇಳುತ್ತಿತ್ತು. ತನಗೆ ಕೇಳಿಸದ ವ್ಯತ್ಯಾಸ ಬೀಗರಿಗೆ ಕೇಳಿಸಿದರೆ ಏನು ಗತಿ ಎಂದುಕೊಳ್ಳುತ್ತ ಅವನು ಬೆಳಗಿನ ಚಹಾ ಆರುವವರೆಗೂ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಸ್ವಿಚ್ಚನ್ನು ಆ ಕಡೆ ಈ ಕಡೆ ತಳ್ಳುತ್ತಿದ್ದ. ಮಲಕಾಜಪ್ಪ ಬೀಗರು ಇವತ್ತು ಊಟದ ಹೊತ್ತಿಗೆ ನಿಡಗುಂದಿಯಿಂದ ಬರುವವರಿದ್ದರು. ನಿನ್ನೆ ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ನಾಳೆ ಬರ್ತೇನ್ರಿ. ಬಂದು ನೋಡ್ತೇನಿ." ಏನನ್ನು ನೋಡುತ್ತಾರೆಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಡಬ್ಬಿಯ ಸದ್ದು ಸರಿಯಾಗಿದ್ದರೆ ಮಗಳನ್ನು ಕರೆದುಕೊಂಡು ಹೋಗುತ್ತಾರೆ, ಇಲ್ಲದಿದ್ದರೆ ಇಲ್ಲ ಎಂದು ಅವನು ತಾನೇ ಅರ್ಥ ಮಾಡಿಕೊಂಡ. ಹಾಗೆ ಅರ್ಥ ಮಾಡಿಕೊಂಡದ್ದನ್ನು ಹೆಂಡತಿಗೂ ಹೇಳಲಿಲ್ಲ, ಮಗಳಿಗೆ ಹೇಳುವ ಮಾತಂತೂ ಇರಲೇ ಇಲ್ಲ.

ಜಯಮಾಲಾ ಬಂದದ್ದು ಹಿಂದಿನ ವಾರ. ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ಅವನು ಎತ್ತಿಗೆ ಹಗ್ಗ ಕೊಂಡುಕೊಂಡು ನಿಂತಿದ್ದಾಗ ಬಸ್ಸಿನಿಂದ ಮೊದಲು ಒಂದು ಕೌದಿಯ ಗಂಟು ಇಳಿಯಿತು, ಅದರ ಹಿಂದೆ ಮಗಳು ಇಳಿದಳು. ಗಂಟು ಅವಳಿಗಿಂತ ದಪ್ಪವಾಗಿತ್ತು. ಅರಿವೆಯ ಚೀಲವೆಂದು ಅವನು ಕೈಹಾಕಿದರೆ ಒಳಗೆ ಮೂಲೆಗಳಿದ್ದವು. ಅವಳ ಹೆಗಲಿಗೆ ಬರೀ ಒಂದು ಸಣ್ಣ ಕೈಚೀಲ. ಒಂದು ಸೀರೆಯೂ ಹಿಡಿಸದಂಥದ್ದು. ಹಬ್ಬಕ್ಕೆ ಬರುವ ಹೆಣ್ಣುಮಗಳು ಹಾಗೆ ಬರುವುದಿಲ್ಲ. ಕೌದಿಯ ಸಂದಿನಿಂದ ಕರೀ ಡಬ್ಬಿಯ ಮೂಲೆ ಕಂಡಾಗ, ಅದು ತಾನೇ ಮದುವೆಯಲ್ಲಿ ಅಳಿಯ ಕಲ್ಮೇಶನಿಗೆ ಕೊಟ್ಟ ಹೋಂ ಥಿಯೇಟರಿನ ವೂಫರ್ ಡಬ್ಬಿ ಎಂದು ಅವನಿಗೆ ಗುರುತು ಹತ್ತಿತು. "ಯಾಕವಾ?" ಎಂದ. "ಸೌಂಡ್ ಸರಿ ಇಲ್ಲಪ್ಪಾ," ಎಂದಳು. ಅಷ್ಟೇ. ಕೊಟ್ಟ ಮನೆಯ ಸುದ್ದಿಯನ್ನು ತಂದೆ ಕೇಳುವುದಲ್ಲ, ತಾಯಿ ಕೇಳುವುದು. ಮನೆಗೆ ಬಂದ ಮೇಲೆ ಅವನು ಹೆಂಡತಿಯ ಮುಖ ನೋಡಿದ. ಹೊನ್ನವ್ವ ಮಗಳನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಕೇಳಿದಳು. ಅಲ್ಲಿಂದಲೂ ಅದೇ ಉತ್ತರ ಹೊರಗೆ ಬಂತು. ಸೌಂಡ್ ಸರಿ ಇಲ್ಲವಂತೆ. ಅವತ್ತು ರೊಟ್ಟಿ ಮುರಿಯುವಾಗ ಅವನಿಗೆ ಬೀಗರ ಮನೆಯ ಪಡಸಾಲೆ, ಅಲ್ಲಿ ಗೋಡೆಗೆ ಬಡಿದು ಕೂಡಿಸಿದ ಐದು ಸಣ್ಣ ಸ್ಪೀಕರುಗಳು, ಈ ದೊಡ್ಡ ಡಬ್ಬಿಯಿಲ್ಲದೆ ಅವು ಐದೂ ಮೂಕವಾಗಿ ಕುಳಿತಿರುವುದು ಕಂಡಂತಾಯಿತು. ಕೆಟ್ಟ ಡಬ್ಬಿ ಕೊಟ್ಟವನ ಮಗಳನ್ನು ಡಬ್ಬಿಯ ಜೊತೆಗೇ ಕಳಿಸಿದ್ದಾರೆ. ರಿಪೇರಿಯಾಗಿ ಬರಲಿ, ಎರಡೂ.

ಆದರೆ ರಿಪೇರಿ ಎಲ್ಲಿ ಮಾಡುವುದು? ಹೊನ್ನವ್ವ ಬಾಗಿಲಿಗೆ ಅಡ್ಡ ನಿಂತುಬಿಟ್ಟಿದ್ದಳು. "ಹೊಸ್ತಲಾ ದಾಟಿಸಬ್ಯಾಡ್ರಿ. ಮಗಳಿಗೆ ಕೊಟ್ಟ ಸಾಮಾನ ಮರಳಿ ಒಳಗ ಬಂತಂದ್ರ ಓಣ್ಯಾಗ ಏನಂತಾರ? ಅಕಿ ಬರ್ಲಿ, ಅಕಿ ಮನಿ ಇದು. ಅದು ಮಾತ್ರ ಬ್ಯಾಡ." ಅವಳ ಮಾತು ಖರೆ. ಹಿಂದೆ ಯಾರದೋ ಮನೆಯಲ್ಲಿ ಮಗಳ ತಾಮ್ರದ ಹಂಡೆ ತವರಿನ ಒಳಗೆ ಬಂದದ್ದೇ ತಡ, ಮೂರನೆಯ ದಿನಕ್ಕೆ ಊರೆಲ್ಲ ಆ ಹುಡುಗಿಯನ್ನು ಬಿಟ್ಟುಬಂದವಳೆಂದು ಕರೆಯಲು ಶುರುಮಾಡಿತ್ತು. ಹಂಡೆಗೆ ಕಲಾಯಿ ಮಾಡಿಸಲು ತಂದಿದ್ದರೆಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಅದಕ್ಕಾಗಿ ಡಬ್ಬಿ ಕಟ್ಟೆಯ ಮೇಲೆಯೇ ಉಳಿಯಿತು. ಹೊರಗೆ, ಎಲ್ಲರ ಕಣ್ಣಿಗೆ ಬೀಳುವಂತೆ ಇದ್ದರೆ ಅದು ಬರೀ ರಿಪೇರಿಯ ಸಾಮಾನು. ಪಡಸಾಲೆಯ ಗೋಡೆಯಿಂದ ಒಂದು ವೈರನ್ನು ಬಾಗಿಲ ಮೇಲಿನ ಸಂದಿಯಿಂದ ಎಳೆದು, ಹಳೆಯ ಟೇಪ್‌ರೆಕಾರ್ಡರನ್ನು ಹೊಸ್ತಿಲ ಒಳಗಿಟ್ಟು, ಡಬ್ಬಿಯನ್ನು ಹೊಸ್ತಿಲ ಹೊರಗಿಟ್ಟು, ಬಸಂತರಾಯ ಡೊಳ್ಳಿನ ಪದದ ಕ್ಯಾಸೆಟ್ಟು ಹಾಕಿ ನೋಡಿದ. ಪದ ಬರಲಿಲ್ಲ. ಹಾಡುವವರ ಮಾತನ್ನು ಹೇಳಬೇಕಾದ ಸಣ್ಣ ಸ್ಪೀಕರುಗಳೆಲ್ಲ ನಿಡಗುಂದಿಯಲ್ಲಿದ್ದವು. ಇಲ್ಲಿ ಡೊಳ್ಳು ಮಾತ್ರ ಧಮ್ ಧಮ್ ಎಂದಿತು. ಅಂಕಿ ಬರೆದ ಗುಂಡಿಯನ್ನು ನೂರರ ಆಚೆ ತಿರುಗಿಸಿದರೆ ಹಾಡುಗಾರ ನೆಲದೊಳಗಿನ ಹಗೇವಿನ ತಳದಲ್ಲಿ ಜೋಳದ ಕೆಳಗೆ ಸಿಕ್ಕು ಯಾರನ್ನೋ ಕರೆದಂತೆ ಒಂದು ಹೂಂಕಾರ ಬರುತ್ತಿತ್ತು. ಹಾಡು ನಿಂತರೂ ಡಬ್ಬಿ ಸುಮ್ಮನಾಗುತ್ತಿರಲಿಲ್ಲ. ಗುರ್ ಎನ್ನುವುದು ಅದರ ಸ್ವಂತದ ಸದ್ದು, ಹಾಡಿನ ಹಂಗಿಲ್ಲದ್ದು.

ಡಬ್ಬಿ ಹೊರಗಿದ್ದುದರಿಂದ ಅದರ ನ್ಯಾಯ ಮಾಡಲು ಓಣಿಯೇ ಬಂತು. ಬಯಲಿನಲ್ಲಿ ಆ ಸದ್ದಿಗೆ ಒಂದು ವಿಚಿತ್ರ ಗುಣವಿತ್ತು: ಹತ್ತಿರ ಕುಳಿತರೆ ಏನೂ ಇಲ್ಲ, ಓಣಿ ದಾಟಿ ಎದುರಿನ ಖಾತುನಬಿಯ ಅಂಗಳಕ್ಕೆ ಹೋದರೆ ಎದೆಗೆ ಬಡಿಯುತ್ತಿತ್ತು. ಬಸಂತರಾಯ ಗುಂಡಿ ತಿರುಗಿಸಿ, ಚಪ್ಪಲಿ ಮೆಟ್ಟಿಕೊಂಡು ಓಣಿ ದಾಟಿ, ಅಲ್ಲಿ ನಿಂತು ಕೇಳಿ, ಮತ್ತೆ ಬಂದು ತಿರುಗಿಸಿ, ಮತ್ತೆ ದಾಟುತ್ತಿದ್ದ. ಖಾತುನಬಿಯ ಗಂಡ ಮೀರಾಸಾಬ ಮೂವತ್ತು ವರ್ಷ ಬಸ್ಸು ಓಡಿಸಿದವನು; ಹೊರಸಿನ ಮೇಲೆ ಅಡ್ಡಾಗಿ ಕಣ್ಣು ಮುಚ್ಚಿ ಕೇಳಿ, "ಬಸಂತಣ್ಣಾ, ಗಾಡಿ ಏರಿ ಮ್ಯಾಲ ಐತಿ, ನೀ ಟಾಪ್ ಗೇರಿನ್ಯಾಗ ಹೊಂಟೀದಿ. ಸೆಕೆಂಡಿಗೆ ತಗೋ," ಎಂದ. ಯಾವ ಗುಂಡಿ ಗೇರು ಎಂದು ಕೇಳಿದರೆ, ಅದು ನಿನಗೇ ಗೊತ್ತಾಗಬೇಕು ಎಂದ. ಖಾತುನಬಿಯ ನ್ಯಾಯ ಬೇರೆ. ಅವಳು ಒಂದು ದಿನ ಬಂದು ಡಬ್ಬಿಗೆ ಬೆನ್ನು ಕೊಟ್ಟು ಕುಳಿತವಳು ಹೊತ್ತು ಇಳಿಯುವವರೆಗೂ ಏಳಲಿಲ್ಲ. "ಇನ್ನೊಂದೀಟ ತಿರುವು. ಹಾಂ. ಅಲ್ಲೇ ಬಿಡು. ಬೆನ್ನಿಗುಂಟ ಇಳದು ಟೊಂಕಕ್ಕ ಮುಟ್ಟಾಕತ್ತೈತಿ. ಡಾಕ್ಟರನ ಗುಳಿಗಿ ತಗೊಂಡ್ರೂ ಇಷ್ಟ ಹಗುರ ಆಗಿರಲಿಲ್ಲ ನೋಡಪಾ." ಮರುದಿನದಿಂದ ಅವನು ಗುಂಡಿ ಕದಲಿಸಿದರೆ ಅವಳಿಗೆ ಸಿಟ್ಟು. ತನ್ನ ಮಗಳ ಸಂಸಾರ ಇದರ ಮೇಲೆ ನಿಂತಿದೆ ಎಂದು ಅವಳಿಗೆ ಹೇಳುವುದು ಹೇಗೆ? ಬಸಂತರಾಯ ಅವಳಿದ್ದಾಗ ಅವಳ ಟೊಂಕಕ್ಕೆ ಹೊಂದುವ ಹಾಗೆ ಇಡುತ್ತಿದ್ದ, ಎದ್ದುಹೋದ ಮೇಲೆ ಬೀಗರ ಕಿವಿಯನ್ನು ನೆನೆದು ತಿರುಗಿಸುತ್ತಿದ್ದ.

ಅಂಗಡಿಗೂ ಹೋಗಿ ಬಂದಿದ್ದ. ಶಕೀಲನ ಅಂಗಡಿ ಬಜಾರಿನಲ್ಲಿ, ಗಾಜಿನ ಬಾಗಿಲಿನದು. ಮದುವೆಯ ಮುಂದೆ ಈ ಸೆಟ್ಟನ್ನು ಕೊಂಡದ್ದು ಅಲ್ಲಿಯೇ. ಶಕೀಲ ಹೆಗಲಿಗೂ ಕಿವಿಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು, "ಏನಿಲ್ರಿ ಕಾಕಾ, ಎಲ್ಲಾ ನಟ್ಟನಡಕ ಇಡ್ರಿ. ನಾವು ಗಿರಾಕಿಗೆ ಹೇಳೂದು ಅದ. ನಡಕ ಇಟ್ಟ್ರ ಯಾರ ಕಂಪ್ಲೇಂಟೂ ಬರೂದಿಲ್ಲ," ಎಂದ. ಬಸಂತರಾಯನಿಗೆ ಈ ಮಾತು ಬಹಳ ಹಿಡಿಸಿತು. ಆದರೆ ಹಿಂದಿನ ಸ್ವಿಚ್ಚಿಗೆ ನಡುವೇ ಇಲ್ಲವಲ್ಲ ಎಂದ. "ಅದೇನ್ ಕೆಲಸ ಮಾಡೂದಿಲ್ರಿ. ಸುಮ್ಮ ಕೊಟ್ಟಿರ್ತಾರ." ಕೆಲಸ ಮಾಡದ್ದನ್ನು ಯಾಕೆ ಕೊಡುತ್ತಾರೆಂದು ಕೇಳಿದರೆ ಶಕೀಲ ನಕ್ಕು, "ಎಷ್ಟೋ ಮಂದಿಗೆ ಕೊಟ್ಟಾನಲ್ರಿ ದೇವರು ಎರಡೆರಡ ಕಿವಿ," ಎಂದು ಮತ್ತೆ ಮೊಬೈಲಿಗೆ ಹಲೋ ಎಂದ. ಈ ಮಾತು ತನಗೆ ಹೇಳಿದ್ದೋ ಮೊಬೈಲಿನಲ್ಲಿದ್ದವನಿಗೆ ಹೇಳಿದ್ದೋ ತಿಳಿಯದೆ ಬಸಂತರಾಯ ಸ್ವಲ್ಪ ಹೊತ್ತು ನಿಂತು, ಹೋಗಿ ಬಾ ಎಂದು ಯಾರೂ ಅನ್ನದಿದ್ದರೂ ಹೋಗಿಬರುತ್ತೇನೆಂದು ಹೇಳಿ ಹೊರಬಿದ್ದ.

ಈಗ ಬೆಳಗಿನ ಪಾಳಿಯ ಕರೆಂಟು ಇನ್ನೂ ಇತ್ತು. ಮಗಳು ಡಬ್ಬಿಯ ಆ ಮಗ್ಗುಲಿಗೆ ಕಾಲು ಚಾಚಿ ತೊಗರಿ ಹಸನು ಮಾಡುತ್ತಿದ್ದಳು. ರಾಶಿ ಮುಗಿದು ಮನೆಗೆ ಬಂದ ತೊಗರಿಯಲ್ಲಿ ಈ ವರ್ಷ ಹೊಟ್ಟು ಬಹಳ. ಅವಳು ಕುತ್ತಿಗೆ ನೋಯಿತೆಂದು ಮೊರವನ್ನು ಡಬ್ಬಿಯ ಮೇಲೆ ಇಟ್ಟು ಜಡೆ ಬಿಚ್ಚಿ ಕಟ್ಟಿಕೊಳ್ಳುವಷ್ಟರಲ್ಲಿ ಬಸಂತರಾಯ ನೋಡಿದ: ಮೊರದಲ್ಲಿಯ ಕಾಳು ಡೊಳ್ಳಿನ ಏಟಿಗೊಮ್ಮೆ ಕುಪ್ಪಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಹೊಟ್ಟೆಲ್ಲ ಒಂದು ಮೂಲೆಗೆ ಸರಿದು, ಕಾಳು ಇನ್ನೊಂದು ಕಡೆ ಕೂಡಿತು. ಅವನು ಗುಂಡಿಯನ್ನು ಒಂದಿಷ್ಟು ಹೊರಳಿಸಿದ, ಕಾಳು ನಿಂತಿತು. ಮತ್ತೊಂದಿಷ್ಟು ಹೊರಳಿಸಿದ, ಮೊರದ ಅಂಚಿನಿಂದ ಹಾರಿ ಅವಳ ಮಡಿಲಿಗೆ ಬಿತ್ತು. ಇಷ್ಟು ದಿನ ಕಿವಿಗೆ ತಿಳಿಯದ್ದು ಕಣ್ಣಿಗೆ ತಿಳಿಯುತ್ತಿದೆ ಎಂದು ಅವನಿಗೆ ಮೈಯೆಲ್ಲ ಹುಮ್ಮಸ್ಸು ಬಂತು. ಜಯಮಾಲಾ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. "ಅಪ್ಪಾ, ಇದಕ್ಕ ಹಾಡಾಕ ಬರೂದಿಲ್ಲ, ಕಾಳ ಹಸನ ಮಾಡಾಕ ಬರ್ತೈತಿ. ಮೊದಲ ಗೊತ್ತಿದ್ರ ಮದಿವ್ಯಾಗ ಎರಡ ಕೊಡಬಹುದಿತ್ತು." ಅವನೂ ನಕ್ಕ. ನಗುತ್ತ ಅವಳ ಮುಖ ನೋಡಿದ. ಮನೆಯಿಂದ ಕಳಿಸಲ್ಪಟ್ಟ ಹೆಣ್ಣುಮಗಳು ಹೀಗೆ ನಗಬಹುದೆ? ಅಥವಾ ಹೀಗೆಯೇ ನಗುತ್ತಾರೆಯೆ? ಈಗ ಕೇಳಿಬಿಡಬೇಕು, ಹೊನ್ನವ್ವ ಹಿಟ್ಟು ನಾದುತ್ತಿದ್ದಾಳೆ, ಓಣಿಯಲ್ಲಿ ಯಾರೂ ಇಲ್ಲ, ಅವ್ವಾ ನಿನಗ ಅಲ್ಲಿ ಹೆಂಗೈತಿ ಎಂದು ಕೇಳಿದರಾಯಿತು, ಎಷ್ಟು ಸಣ್ಣ ಮಾತು. ಅವನು ಬಾಯಿ ತೆರೆದ. "ಎಂಬತ್ತಕ್ಕ ಇಡ್ಲೇನವಾ, ನೂರಕ್ಕ ಇಡ್ಲಿ?" ಎಂಬ ಮಾತು ಬಂತು.

ಅವಳ ನಗು ಮೆಲ್ಲಗೆ ಇಳಿಯಿತು. ಮಡಿಲಿನ ಕಾಳನ್ನು ಆಯ್ದು ಮೊರಕ್ಕೆ ಹಾಕುತ್ತ, "ನನಗ್ಯಾಕ ಕೇಳ್ತೀಪಾ, ಕೇಳೋರು ಅವರು," ಎಂದಳು. ಇದೇ ಮಾತನ್ನು ಇದೇ ದನಿಯಲ್ಲಿ ಅವಳು ಮದುವೆಯ ಮುಂದೆ ಶಕೀಲನ ಅಂಗಡಿಯಲ್ಲಿ ಹೇಳಿದ್ದಳು. ಗಾಜಿನ ಬಾಗಿಲ ಒಳಗೆ ತಂಪು ಹವೆ, ಅವಳ ಕೈಯಲ್ಲಿ ನಿಶ್ಚಯಕ್ಕೆ ಉಡಿಸಿದ ಸೀರೆಯ ಚೀಲ, ಶಕೀಲ ಸದ್ದು ಏರಿಸಿ ಕುಣಿಯುವಂತೆ ತಲೆಯಾಡಿಸುತ್ತಿದ್ದಾನೆ, ಬಸಂತರಾಯ ಬಗ್ಗಿ ಹೆಂಗೈತವಾ ಎಂದು ಕೇಳುತ್ತಿದ್ದಾನೆ. ಅವಳು ಬಿ.ಎ. ಎರಡನೇ ವರ್ಷದಲ್ಲಿದ್ದಳು. ಪರೀಕ್ಷೆ ಬರೆಯಲಿ ಎಂದು ಯಾರೋ ಅಂದಿದ್ದರು, ಮುಂದಿನ ವರ್ಷ ಬರೆದರಾಯಿತು ಎಂದು ಇನ್ಯಾರೋ ಅಂದಿದ್ದರು. ತಾನು ಇಬ್ಬರಿಗೂ ಹೂಂ ಎಂದಿದ್ದ. ಮಲಕಾಜಪ್ಪನವರು ಏನನ್ನೂ ಕೇಳಿರಲಿಲ್ಲ. "ನಮ್ಮಲ್ಲಿ ಎಲ್ಲಾ ಐತ್ರಿ ಬೀಗರ. ಹುಡುಗಗ ಒಂದೀಟ ಹಾಡಿನ ಹುಚ್ಚು," ಎಂದು ಎಲೆ ಅಡಿಕೆ ಹಾಕಿಕೊಳ್ಳುತ್ತ ನಕ್ಕಿದ್ದರು. ಹುಡುಗ ನಿನಗೆ ಒಪ್ಪಿಗೆಯೋ ಎಂದು ಮಗಳನ್ನು ತಾನು ಕೇಳಲಿಲ್ಲ. ಆ ಇಡೀ ಮದುವೆಯಲ್ಲಿ ತಾನು ಅವಳ ಅಭಿಪ್ರಾಯ ಕೇಳಿದ ಒಂದೇ ಒಂದು ವಸ್ತು ಈ ಡಬ್ಬಿ ಎಂಬುದು ಅವನಿಗೆ ಈಗ, ಬೆರಳು ಗುಂಡಿಯ ಮೇಲಿರುವಾಗ, ಹೊಳೆಯಿತು. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಹೊಸ್ತಿಲನ್ನು ಎಷ್ಟು ಸಲೀಸಾಗಿ ದಾಟಿದಳೆಂದರೆ ಅವನಿಗೆ ನೋಡುತ್ತ ಕೂರಲಾಗಲಿಲ್ಲ.

ಕರೆಂಟು ಹೋಯಿತು. ಡಬ್ಬಿ ತನ್ನ ಗುರ್ ಎಂಬುದನ್ನು ನುಂಗಿಕೊಂಡಿತು. ಒಳಗೆ ಹೋಳಿಗೆ ಬೇಯುವ ವಾಸನೆ, ಹೊನ್ನವ್ವ ಲಟ್ಟಣಿಗೆಯಿಂದ ಬಡಿಯುವ ಸದ್ದು. ಬೀಗರು ಬಂದಾಗ ಕರೆಂಟಿಲ್ಲದಿದ್ದರೆ ಏನು ಕೇಳಿಸುವುದು ಎಂಬ ಚಿಂತೆ ಒಂದು ಗಳಿಗೆ ಬಂದು, ಅದರ ಬೆನ್ನಿಗೇ, ಕೇಳಿಸದಿದ್ದರೆ ಇವತ್ತಿಗೆ ತೀರ್ಪಾಗುವುದಿಲ್ಲವಲ್ಲ ಎಂಬ ಸಮಾಧಾನವೂ ಬಂತು. ಬಗ್ಗಿ ಎರಡೂ ಗುಂಡಿಗಳನ್ನು ಶಕೀಲ ಹೇಳಿದಂತೆ ನಟ್ಟನಡುವೆ ನಿಲ್ಲಿಸಲು ಹೋದ. ಕೈ ನಡುವಿಗೆ ಬಂತು. ನಡುವಿನಲ್ಲಿ ನಿಲ್ಲಲಿಲ್ಲ, ಹಾಗೇ ಮುಂದೆ ಹೋಗಿ ಗುಂಡಿ ಕಟ್ ಎಂದು ಕೊನೆಗೆ ತಾಗುವವರೆಗೂ ಹೋಯಿತು. ಎರಡನೆಯದನ್ನೂ ಹಾಗೇ ಕೊನೆಗೆ ಒಯ್ದ. ಸ್ವಿಚ್ಚನ್ನು ನೂರಾ ಎಂಬತ್ತಕ್ಕೆ ತಳ್ಳಿದ. ಹೇಗೂ ಕರೆಂಟಿಲ್ಲ, ಎಲ್ಲಿದ್ದರೇನು, ಬಂದ ಮೇಲೆ ಸರಿ ಮಾಡಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಮಾಡಬಾರದ್ದನ್ನು ಮಾಡಿದ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿರುವಾಗ ಓಣಿಯ ತಿರುವಿನಲ್ಲಿ ಜೀಪಿನ ಹಾರ್ನ್ ಕೇಳಿತು. ಅವನು ಹೆಗಲ ಮೇಲಿನ ಟಾವೆಲ್ಲನ್ನು ತೆಗೆದು ಡಬ್ಬಿಯ ಮೇಲೆ ಹೊದಿಸಿ ಎದ್ದುನಿಂತ.

ಮಲಕಾಜಪ್ಪನವರು ಮದುವೆಯಲ್ಲಿ ಕಂಡದ್ದಕ್ಕಿಂತ ಸಣ್ಣಗೆ ಕಂಡರು. ಒಬ್ಬರೇ ಬಂದಿದ್ದರು, ಬಾಡಿಗೆಯ ಜೀಪು. ಕಾಲಿಗೆ ನೀರು ಕೊಟ್ಟದ್ದಾಯಿತು, ಕೈ ಮುಗಿದದ್ದಾಯಿತು. ಕಟ್ಟೆ ಏರುವಾಗ ಟಾವೆಲ್ಲು ಹೊದ್ದ ಡಬ್ಬಿಯನ್ನು ಅವರು ಒಮ್ಮೆ ನೋಡಿದರು, ಕೂಡಲೆ ಆ ಕಡೆಯಿಂದ ಕಣ್ಣು ತೆಗೆದು ಬೇವಿನ ಗಿಡವನ್ನು ನೋಡಿ, "ಗಿಡ ಚಲೋ ಬೆಳದೈತ್ರಿ," ಎಂದರು. "ಹೌದ್ರಿ, ನಮ್ಮ ತಂದಿ ಹಚ್ಚಿದ್ದು," ಎಂದ ಬಸಂತರಾಯ. ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕುಳಿತ ನಂತರ ತೊಗರಿಯ ಮಾತಾಯಿತು, ಕಾಲುವೆಗೆ ನೀರು ಬಿಟ್ಟ ಮಾತಾಯಿತು, ಸಿಂದಗಿಯ ರಸ್ತೆಯ ಮಾತಾಯಿತು. ಪ್ರತಿ ಮಾತಿಗೂ ಒಬ್ಬರು ಹೌದ್ರಿ ಎನ್ನುತ್ತಿದ್ದರು, ಇನ್ನೊಬ್ಬರು ಅದಕ್ಕೆ ಅಲ್ಲೇನ್ರಿ ಎನ್ನುತ್ತಿದ್ದರು. ಜಯಮಾಲಾ ಬಂದು ಮಾವನ ಕಾಲಿಗೆರಗಿ ಚಹಾ ಕೊಟ್ಟಳು. "ಆರಾಮಿದ್ದೀಯೇನವಾ," ಎಂದರು ಅವರು. "ಹೂಂನ್ರಿ ಮಾವಾರ. ಅತ್ತಿ ಮಂಡಿ ಹೆಂಗೈತ್ರಿ?" ಎಂದಳು. "ಐತಿ, ಹಂಗ ಐತಿ," ಎಂದು ಅವರು ಬಸಿಯಲ್ಲಿ ಚಹಾ ಸುರಿದುಕೊಂಡು ಬಹಳ ಹೊತ್ತು ಊದಿದರು. ಚಹಾ ಆರಿದ ಮೇಲೂ ಬೀಗರು ಊದುತ್ತಲೇ ಇದ್ದುದನ್ನು ಬಸಂತರಾಯ ನೋಡಿದನಾದರೂ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ.

ಊಟಕ್ಕೆ ಕುಳಿತರು. ಹೊನ್ನವ್ವ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ, "ಇನ್ನೊಂದ ಹಾಕಿಸಿಕೋರಿ, ನಮ್ಮನಿಗೆ ದಿನಾ ಬರ್ತೀರೇನು," ಎನ್ನುತ್ತಿದ್ದಾಗ ಕರೆಂಟು ಬಂತು. ಮೊದಲು ಫ್ಯಾನು ಅಲುಗಿತು. ಆಮೇಲೆ ಹೊಸ್ತಿಲ ಹೊರಗಿನಿಂದ, ಟಾವೆಲ್ಲಿನ ಕೆಳಗಿನಿಂದ, ಆ ಸದ್ದು ಎದ್ದಿತು. ಅದರಲ್ಲಿ ಹಾಡಿರಲಿಲ್ಲ, ಡೊಳ್ಳಿರಲಿಲ್ಲ. ಬೆಳಿಗ್ಗೆ ಕ್ಯಾಸೆಟ್ಟು ಮುಗಿದುಹೋಗಿತ್ತು. ಬರೀ ಅದರ ಸ್ವಂತದ ಗುರ್, ಕೊನೆಯವರೆಗೆ ತಿರುಗಿಸಿದ್ದು. ತಂಬಿಗೆಯೊಳಗಿನ ನೀರಿನ ಮೇಲೆ ಬಳೆಬಳೆಯಾಗಿ ಗೆರೆ ಎದ್ದವು. ಗೋಡೆಯ ಮಾಡದಲ್ಲಿಟ್ಟ ಗ್ಲಾಸುಗಳು ಒಂದಕ್ಕೊಂದು ತಾಗತೊಡಗಿದವು. ಎದುರಿನ ಮನೆಯಿಂದ ಖಾತುನಬಿ, "ಹಾಂ, ಈಗ ಬಂತು ನೋಡು," ಎಂದದ್ದು ಎಲ್ಲೋ ದೂರದಿಂದ ಕೇಳಿತು. ಬಸಂತರಾಯನ ತುತ್ತು ಕೈಯಲ್ಲೇ ಉಳಿಯಿತು. ಎದ್ದು ಹೋಗಿ ಇಳಿಸಬೇಕು, ಆದರೆ ಬೀಗರು ಉಣ್ಣುವಾಗ ನಡುವೆ ಏಳುವ ಪದ್ಧತಿಯಿಲ್ಲ. ಹೊನ್ನವ್ವ ಹೋಗಿ ಇಳಿಸಬಹುದು, ಆದರೆ ಅವಳಿಗೆ ಗುಂಡಿ ಗೊತ್ತಿಲ್ಲ. ಅವನು ಬೀಗರ ಮುಖ ನೋಡಿದ. ಮಲಕಾಜಪ್ಪನವರು ಹೋಳಿಗೆ ಅಗಿಯುವುದನ್ನು ನಿಲ್ಲಿಸಿ, ತಲೆಯನ್ನು ಒಂದು ಮಗ್ಗುಲಿಗೆ ಓರೆ ಮಾಡಿ, ಭಜನೆ ಕೇಳುವವರಂತೆ ಕಣ್ಣು ಅರೆಮುಚ್ಚಿದರು. ಅವರ ಗಲ್ಲದ ಸಡಿಲು ತೊಗಲು ಆ ಸದ್ದಿಗೆ ಸಣ್ಣಗೆ ಅಲುಗುತ್ತಿತ್ತು.

"ಭಾಳ ಚಲೋ ಆಗೇತ್ರಿ ಬೀಗರ," ಎಂದರು, ದನಿ ಎತ್ತರಿಸಿ. "ಈಗ ಸರಿ ಐತಿ. ಅಗದೀ ಸರಿ ಐತಿ."

ಬಸಂತರಾಯ ಹೌದ್ರಿ ಎನ್ನಬೇಕಾಗಿತ್ತು. ಬಾಯಿ ಅದಕ್ಕೆ ತಯಾರಾಗಿಯೂ ಇತ್ತು. ಒಂದು ವಾರ ತಾನು ಓಣಿ ದಾಟಿ ದಾಟಿ ಹುಡುಕಿದ ಸರಿ ಇದೇ ಏನು? ಎತ್ತು ಕೂಡ ಬೆದರಿ ಹಗ್ಗ ಹರಿದುಕೊಳ್ಳುವ ಈ ಸದ್ದು ಸರಿಯಾದರೆ ಯಾವುದು ತಪ್ಪಾಗಿತ್ತು? ಎಂಬತ್ತೂ ಸರಿ, ನೂರೂ ಸರಿ, ಸೊನ್ನೆಯೂ ಸರಿ. ಇವರು ಯಾವಾಗ ಸರಿ ಅನ್ನುತ್ತಾರೋ ಆವಾಗ ಸರಿ, ಯಾವಾಗ ಸರಿಯಿಲ್ಲ ಅನ್ನುತ್ತಾರೋ ಆವಾಗ ಮಗಳು ಕೌದಿಯ ಗಂಟು ಹೊತ್ತು ಬಸ್ಸಿನಿಂದ ಇಳಿಯಬೇಕು. ಮಲಕಾಜಪ್ಪನವರು ಇನ್ನೂ ತಲೆಯಾಡಿಸುತ್ತ, "ಹಂಗಾರ ಇವತ್ತ ಪೆಟ್ಟಿಗೀನೂ ಒಯ್ತೇನ್ರಿ, ಹುಡುಗೀನೂ ಕರಕೊಂಡ ಹೋಗ್ತೇನಿ," ಎಂದರು. ಅಡಿಗೆಮನೆಯ ಬಾಗಿಲ ಹಿಂದೆ ಬಳೆಯ ಸದ್ದಾಯಿತೋ ಇಲ್ಲವೋ, ಆ ಗದ್ದಲದಲ್ಲಿ ಗೊತ್ತಾಗಲಿಲ್ಲ.

"ಪೆಟ್ಟಿಗಿ ಒಯ್ರಿ. ಮಗಳು ಇರ್ಲಿ," ಎಂದ ಬಸಂತರಾಯ.

"ಏನಂದ್ರಿ?" ಮಲಕಾಜಪ್ಪನವರು ಕಿವಿಗೆ ಎಡಗೈ ಹಿಡಿದರು.

"ಮಗಳು ಇರ್ಲಿ ಅಂದೆ."

"ಕೇಳಸವಲ್ದ್ರಿ. ಪೆಟ್ಟಿಗಿ ಜೋರ ಆಗೇತಿ. ಚಲೋ ಐತಿ, ಖರೆ ಜೋರ ಆಗೇತಿ."

ಒಮ್ಮೆ ಹೇಳಿದ್ದು ಗಾಳಿಗೆ ಹೋಯಿತು, ಹೇಳಿಲ್ಲವೆಂದು ತಿಳಿದು ಸುಮ್ಮನೆ ಕುಳಿತುಕೊಳ್ಳಬಹುದು, ಇನ್ನೊಂದು ಹೋಳಿಗೆ ಹಾಕಿಸಬಹುದು. ಬಸಂತರಾಯ ತುಪ್ಪದ ಕೈಯಲ್ಲೇ ಎದ್ದ. ಉಣ್ಣುವ ಬೀಗರ ಮುಂದಿನಿಂದ ಹಾಗೆ ಎದ್ದದ್ದಕ್ಕೆ ಹೊನ್ನವ್ವ ತುಪ್ಪದ ಗಿಂಡಿ ಹಿಡಿದು ನಿಂತಲ್ಲೇ ನಿಂತಳು. ಅವನು ಗೋಡೆಯ ಹತ್ತಿರ ಹೋಗಿ ಪ್ಲಗ್ಗನ್ನು ಹಿಡಿದೆಳೆದ. ಮನೆ ಒಮ್ಮೆಲೆ ಎಷ್ಟು ಸುಮ್ಮಗಾಯಿತೆಂದರೆ ಹಂಚಿನ ಮೇಲೆ ಹೊತ್ತುತ್ತಿದ್ದ ಹೋಳಿಗೆಯ ಸದ್ದು ಕೇಳಿತು. ವೈರು ಕೈಯಲ್ಲಿ ಹಿಡಿದುಕೊಂಡೇ, ಬೀಗರ ಕಡೆ ತಿರುಗಿ, ಅವನು ಹೊಲದಲ್ಲಿ ಮಾತಾಡುವ ದನಿಯ ಅರ್ಧ ದನಿಯಲ್ಲಿ ಹೇಳಿದ: "ಪೆಟ್ಟಿಗಿ ನೀವು ಒಯ್ರಿ ಬೀಗರ. ಮಗಳು ನನ್ನ ಮನ್ಯಾಗ ಇರ್ಲಿ. ಅದರ ಸೌಂಡ್ ಸರಿ ಇದ್ರೂ ಇರ್ಲಿ, ಇರದಿದ್ರೂ ಇರ್ಲಿ."

ಮಲಕಾಜಪ್ಪನವರು ತಟ್ಟೆಯಿಂದ ಕೈ ತೆಗೆದು, ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮುಂದೆ ಚಾಚಿಕೊಂಡು ಕುಳಿತರು. "ಹಂಗಾರ ನಾ ಅಂಜಿದ್ದು ಖರೇನ ಆತು," ಎಂದರು. "ಪೆಟ್ಟಿಗಿ ಮನ್ಯಾಗ ಇಲ್ಲಂತ ಗೊತ್ತಾದ ದಿನದಿಂದ ಊಟ ಸೇರಿಲ್ರಿ ನನಗ. ಕೊಟ್ಟದ್ದು ತಿರುಗಿ ತರಿಸ್ಕೊಂಡ್ರು, ಹುಡುಗೀನೂ ಕರಸ್ಕೊಂಡ್ರು, ಬೀಗರಿಗೆ ನಮ್ಮ ಮ್ಯಾಲ ಸಿಟ್ಟು ಬಂದೈತಿ ಅಂತ ನಮ್ಮನ್ಯಾಗ ಎಲ್ಲಾರೂ ಬಾಯಿ ಮುಚ್ಚಿಕೊಂಡ ಕುಂತಾರ. ಏನ ತಪ್ಪಾತ್ರಿ ನಮ್ಮಿಂದ? ಅದೀಗ ಗುರ್ ಅಂದ್ರೂ ಚಲೋ ಅಂದೆ, ಇನ್ನೇನ ಅನ್ಲಿ ಹೇಳ್ರಿ."

"ನೀವ ಕಳಿಸಿರಲ್ಲ?" ಎಂದ ಬಸಂತರಾಯ.

"ನಾ ಯಾಕ ಕಳಿಸ್ಲ್ರಿ?"

ಇಬ್ಬರೂ ಅಡಿಗೆಮನೆಯ ಕಡೆ ನೋಡಿದರು. ಜಯಮಾಲಾ ಬಾಗಿಲಲ್ಲಿ ನಿಂತಿದ್ದಳು, ಮೊಣಕೈವರೆಗೆ ಹಿಟ್ಟು. ಅಂಜಿದವಳಂತೆ ಕಾಣಲಿಲ್ಲ, ಬಹಳ ಹೊತ್ತು ಕಾದು ಸಾಕಾದವಳಂತೆ ಕಂಡಳು. "ನಾ ತಂದೇನ್ರಿ ಮಾವಾರ," ಎಂದಳು. "ದಿನಾ ಸಂಜಿಗೆ ನೀವು ಕುಂತು, ನಿಮ್ಮಪ್ಪನ ಪೆಟ್ಟಿಗಿ ಇವತ್ತೂ ಗುರ್ ಅನ್ನಾಕತ್ತೈತಲ್ಲವಾ ಅಂತೀರಿ. ಅತ್ತಿ ಪೆಟ್ಟಿಗಿ ನೋಡೂದಿಲ್ಲ, ನನ್ನ ಮಾರಿ ನೋಡ್ತಾರ. ನಮ್ಮನಿಯವರು ಗುಂಡಿ ತಿರುವ್ತಾರ, ಆತೇನ ಈಗ, ಆತೇನ ಈಗ ಅಂತ ನನ್ನ ಕೇಳ್ತಾರ. ನಾನೇನ ಅದರ ಹೊಟ್ಟಿಯೊಳಗ ಕುಂತ ಗುರ್ ಅಂತೇನೇನ್ರಿ? ಅದಕ್ಕ ಒಂದಿನ ಎತ್ಕೊಂಡ ಬಂದೆ. ಅವರಿಗೆ ಹೇಳೇ ಬಂದೇನಿ, ದಿನಾ ಫೋನ್ ಮಾಡ್ತಾರ, ನಿಮಗ ಹೇಳಾಕ ಅಂಜ್ಯಾರ." ಸೆರಗಿನಿಂದ ಹಣೆ ಒರೆಸಿಕೊಂಡು ಅವಳು ತಂದೆಯ ಕಡೆ ನೋಡಿದಳು, ಮತ್ತೆ ಮಾವನ ಕಡೆ. "ನಾ ಬರ್ತೇನಿ. ಅದು ಇಲ್ಲೇ ಇರ್ಲಿ."

ಮೊದಲು ಮಾತು ಸಿಕ್ಕಿದ್ದು ಹೊನ್ನವ್ವನಿಗೆ: ಅದು ಇಲ್ಲಿದ್ದರೆ ಓಣಿಯವರು ಏನಂತಾರೆ ಎಂದು. ಆಮೇಲೆ ಮಲಕಾಜಪ್ಪನವರಿಗೆ: ಅದು ಅಲ್ಲಿಲ್ಲದಿದ್ದರೆ ನಿಡಗುಂದಿಯವರು ಏನಂತಾರೆ ಎಂದು. ಬೀಗರಿಬ್ಬರೂ ಕೈ ತೊಳೆದುಕೊಂಡು ಬಂದು ಡಬ್ಬಿಯ ಎರಡೂ ಕಡೆ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡು ಈ ವಿಷಯವನ್ನು ಬಹಳ ಗಂಭೀರವಾಗಿ ವಿಚಾರ ಮಾಡಿದರು. ತಿರುಗಿ ಅದನ್ನು ಜೀಪಿಗೆ ಏರಿಸುವ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಮಲಕಾಜಪ್ಪನವರು ಒಮ್ಮೆ ಟಾವೆಲ್ಲಿನ ಅಂಚು ಎತ್ತಿ ಒಳಗೆ ನೋಡಿ, "ಹಿಂದ ಈ ಸ್ವಿಚ್ಚ ಯಾಕಿರ್ತದ್ರಿ?" ಎಂದು ಕೇಳಿದರು. "ಗೊತ್ತಿಲ್ರಿ," ಎಂದ ಬಸಂತರಾಯ. ಗೊತ್ತಿಲ್ಲವೆನ್ನುವುದು ಇಷ್ಟು ಹಗುರವೆಂದು ಅವನಿಗೆ ಮೊದಲು ತಿಳಿದಿರಲಿಲ್ಲ. ಆದರೆ ಒಳಗೆಲ್ಲೋ ಒಂದು ನಾಚಿಕೆ ಕುಳಿತೇ ಇತ್ತು. ಬಾಳಿನಲ್ಲಿ ಒಮ್ಮೆ ನಡುವಿನಿಂದ ಸರಿದು ಒಂದು ತುದಿಗೆ ನಿಂತು ಮಾತಾಡಿದ್ದ. ಆ ಮಾತು ಯಾರಿಗೂ ಬೇಕಾಗಿರಲಿಲ್ಲ. ಇಲ್ಲದ ಕಳ್ಳನಿಗೆ ಬಡಿಗೆ ಎತ್ತಿದವನಂತೆ ಅವನು ಕುಳಿತಿದ್ದ.

ಹೊತ್ತು ಇಳಿಯುವಾಗ ಜೀಪು ಹೊರಡಲು ನಿಂತಿತು. ಹೊನ್ನವ್ವ ರೊಟ್ಟಿ, ಶೇಂಗಾ ಹಿಂಡಿ, ಹೊಸ ತೊಗರಿಯ ಬೇಳೆ ಎಂದು ಒಂದೊಂದೇ ಗಂಟು ತಂದು ಒಳಗೆ ತುರುಕುತ್ತಿದ್ದಳು. ಮಲಕಾಜಪ್ಪನವರು ಮುಂದೆ ಡ್ರೈವರನ ಮಗ್ಗುಲಿಗೆ ಕುಳಿತಿದ್ದರು. ಜಯಮಾಲಾ ಹಿಂದಿನ ಬಾಗಿಲಿಗೆ ಕೈಯಿಟ್ಟವಳು ಹತ್ತಲಿಲ್ಲ. ತಂದೆಯ ಹತ್ತಿರಕ್ಕೆ ಬಂದಳು.

"ಅಪ್ಪಾ, ಅದನ್ನ ಮತ್ತೊಮ್ಮೆ ಅನ್ನು."

"ಏನವಾ?"

"ಮಾವಾರಿಗೆ ಅಂದಿಯಲ್ಲ, ವೈರ್ ಕಿತ್ತು."

"ನಿನಗ ಕೇಳಿಸಿತ್ತಲ್ಲ."

"ಕೇಳಿಸಿತ್ತು. ಅವರಿಗೆ ಅಂದಿ. ನನಗ ಅನ್ನು."

ಓಣಿಯಲ್ಲಿ ಮಂದಿ ನಿಂತಿದ್ದರು. ಮೀರಾಸಾಬ ಡ್ರೈವರನಿಗೆ ರಸ್ತೆಯ ತಗ್ಗುಗಳ ಸುದ್ದಿ ಹೇಳುತ್ತಿದ್ದ, ಹೊನ್ನವ್ವ ಗಂಟು ಎಣಿಸುತ್ತಿದ್ದಳು. ಬಸಂತರಾಯ ಅವಳ ಮುಖ ನೋಡಲು ಹೋಗಿ, ಆಗದೆ, ಅವಳ ಬಳೆಗೆ ಇನ್ನೂ ಅಂಟಿಕೊಂಡಿದ್ದ ಒಣ ಹಿಟ್ಟನ್ನು ನೋಡುತ್ತ ಹೇಳಿದ:

"ಇರು ಅಂದೆ. ನನ್ನ ಮನ್ಯಾಗ ಇರು ಅಂದೆ."

"ಹೂಂ," ಎಂದಳು ಜಯಮಾಲಾ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಜೀಪು ಹತ್ತಿದಳು.